ಹಲ್ಲಿನ ಗುರುತಿರುವ ಕೇಬಲ್ಲು

ಅಣ್ಣನಿಗೆ,

ಈ ಲಕೋಟೆಯೊಳಗೆ ಕಾಗದದ ಜೊತೆ ಕೈಗೆ ಗಟ್ಟಿಯಾಗಿ ತಾಗುತ್ತಿರುವುದು ಏನೆಂದು ಈಗಲೇ ತೆಗೆದು ನೋಡಬೇಡ. ಮೊದಲು ಓದು. ಪೂರ್ತಿ ಓದು. ನೀನು ಯಾವುದನ್ನೂ ಪೂರ್ತಿ ಓದುವವನಲ್ಲ, ಗೊತ್ತು. ಮೊದಲ ಸಾಲು ನೋಡಿ, ಕೊನೆಯ ಸಾಲು ನೋಡಿ, "ಆಯ್ತು ಬಿಡು, ಗೊತ್ತಾಯ್ತು" ಎನ್ನುವವನು. ಈ ಸಲ ಹಾಗೆ ಮಾಡಿದರೆ ನಿನಗೆ ಏನೂ ಗೊತ್ತಾಗುವುದಿಲ್ಲ. ಆರೋಗ್ಯವೇ, ಮನೆಯಲ್ಲಿ ಎಲ್ಲರೂ ಸುಖವೇ ಎಂದು ಕೇಳಿ ಕಾಗದ ಶುರುಮಾಡುವುದು ಮರ್ಯಾದೆ. ಹೋದ ಸೋಮವಾರದವರೆಗೆ ಆ ಮರ್ಯಾದೆ ನನ್ನ ಹತ್ತಿರ ಇತ್ತು.

ಸೋಮವಾರ ಬೆಳಗ್ಗೆ ನಾನು ಅಂಗಡಿಯ ಬಾಗಿಲು ಎತ್ತುತ್ತಿದ್ದಾಗಲೇ ನೀನು ಕಳಿಸಿದ ಗಾಡಿ ಬಂದು ನಿಂತಿತು. ಡ್ರೈವರ್ ಅಪ್ಪನ ಟಿವಿಯನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಬಂದು ಮೇಜಿನ ಮೇಲೆ ಕುಕ್ಕಿದ. ಒಳಗೆ ಏನೋ ಗಲಗಲ ಎಂದಿತು. "ಹಳೇದು ಅಕ್ಕ, ಹೀಗೇ ಇತ್ತು, ನಾನೇನೂ ಬೀಳಿಸಿಲ್ಲ" ಎಂದು ನಾನು ಕೇಳುವ ಮೊದಲೇ ಹೇಳಿ, ಜೇಬಿನಿಂದ ನಿನ್ನ ಚೀಟಿ ತೆಗೆದುಕೊಟ್ಟ. ಅಪ್ಪ ತೀರಿಹೋದ ಮೇಲಿನ ಒಂಬತ್ತು ವರ್ಷದಲ್ಲಿ ನೀನು ನನಗೆ ಕೈಯಾರೆ ಬರೆದದ್ದು ಇಷ್ಟು: "ಮನೆಗೆ ಬಣ್ಣ ಹೊಡೆಸ್ತಾ ಇದೀವಿ. ಅಪ್ಪನ ಟಿವಿ ಸುಮ್ನೆ ಜಾಗ ಹಿಡ್ಕೊಂಡು ಕೂತಿದೆ. ರಿಪೇರಿ ಆದ್ರೆ ನೀನೇ ಇಟ್ಕೋ, ಇಲ್ಲಾಂದ್ರೆ ಗುಜರಿಗೆ ಹಾಕು." ಕೆಳಗೆ ಸಹಿ ಕೂಡ ಇಲ್ಲ. ಗೋಡೆಗೆ ಅಂಟಿಸುವ ಟಿವಿಗಳನ್ನು ದಿನಕ್ಕೆ ಹತ್ತು ಮಾರುವ ಶೋರೂಮಿನ ಮ್ಯಾನೇಜರಿಗೆ ಹದಿನಾಲ್ಕು ಇಂಚಿನ ಡಬ್ಬಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ಪುರಸೊತ್ತು ಎಲ್ಲಿಂದ ಬರಬೇಕು?

ಟಿವಿಯ ಹಿಂದೆ ಮೊಳದುದ್ದದ ಕಪ್ಪು ಕೇಬಲ್ಲು ನೇತಾಡುತ್ತಿತ್ತು. ತುದಿಯನ್ನು ಯಾರೋ ಕತ್ತರಿಯಿಂದ ಕಚಕ್ಕನೆ ಕತ್ತರಿಸಿದ್ದರು. ಯಾರೋ ಏನು, ನೀನೇ. ಬಣ್ಣದವರು ಬರುವ ಅವಸರದಲ್ಲಿ ಎಳೆದಿರುತ್ತೀಯ, ಬಂದಿರುವುದಿಲ್ಲ, ಕತ್ತರಿಸಿರುತ್ತೀಯ. ಟಿವಿಯ ಬೆನ್ನಿಗೆ ಚುಚ್ಚಿದ ಕೇಬಲ್ಲು ಎಳೆದರೆ ಕೈಗೆ ಬರಬೇಕು, ಯಾಕೆ ಬರಲಿಲ್ಲ ಎಂದು ಆ ಒಂದು ಕ್ಷಣ ನೀನು ಯೋಚಿಸಿದ್ದರೆ ಈ ಕಾಗದ ಬರೆಯುವ ಕೆಲಸ ನನಗೆ ಇರುತ್ತಿರಲಿಲ್ಲ.

ನಮ್ಮಿಬ್ಬರಿಗೂ ಈ ಕೆಲಸ ಕಲಿಸಿದ್ದು ಒಬ್ಬನೇ ಮನುಷ್ಯ. ಮನೆಯ ಮುಂದಿನ ಕೋಣೆಯೇ ಅಂಗಡಿ, ಒಂದು ಉದ್ದ ಮೇಜು, ಅಪ್ಪನ ಆಚೆ ಬದಿಗೆ ನೀನು, ಈಚೆ ಬದಿಗೆ ನಾನು. ಸ್ಕೂಲಿನ ಪಾಠ ಮರೆತಿದ್ದೇನೆ. ಆ ಮೇಜಿನ ಮೇಲೆ ಕೇಳಿದ್ದು ಒಂದೂ ಮರೆತಿಲ್ಲ. "ಕೊರಳು ಹಿಡಿದು ತೆಗೀರಿ, ಬಾಲ ಹಿಡಿದು ಎಳೀಬೇಡಿ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ. ಪಿನ್ನನ್ನು ಹಿಡಿದು ಬಿಡಿಸಬೇಕು, ತಂತಿ ಹಿಡಿದು ಜಗ್ಗಬಾರದು. ನೀನು ಜಗ್ಗುತ್ತಿದ್ದೆ. ಕೇಬಲ್ಲಿನ ಮೇಲಿನ ಕಪ್ಪು ತೊಗಟೆಯನ್ನು ಬ್ಲೇಡಿನಿಂದ ಸುತ್ತ ಕೊಯ್ದು ಸುಲಿಯಬೇಕು. ನೀನು ಹಲ್ಲಿನಿಂದ ಕಚ್ಚಿ ಸುಲಿಯುತ್ತಿದ್ದೆ. ಅಪ್ಪ ಸ್ಕ್ರೂಡ್ರೈವರಿನ ಹಿಡಿಯಿಂದ ನಿನ್ನ ತಲೆಗೆ ಮೊಟಕಿ, "ಇದು ಕಬ್ಬಲ್ಲ ಕಣೋ" ಎನ್ನುತ್ತಿದ್ದ. ಕೊನೆಗೆ ನಿನ್ನ ಹದಿನೈದನೇ ವಯಸ್ಸಿನಲ್ಲಿ ಮುಂದಿನ ಹಲ್ಲು ಅರ್ಧ ಮುರಿದು ಹೋಯಿತು. ಆಮೇಲೂ ಬಿಡಲಿಲ್ಲ ನೀನು. ನೀನು ಕಚ್ಚಿದಲ್ಲೆಲ್ಲ ಎರಡು ಗುರುತು, ನಡುವೆ ಸಂದು. ಯಾವ ಕೇಬಲ್ಲು ನೀನು ಸುಲಿದದ್ದು ಎಂದು ನಾನು ಕಣ್ಣುಮುಚ್ಚಿ ಬೆರಳಲ್ಲಿ ತಡವಿ ಹೇಳುತ್ತಿದ್ದೆ.

ಇನ್ನೂ ಎರಡು ಪದ್ಧತಿ ಇದ್ದವು, ಅಪ್ಪನವೇ. ಬೆಸುಗೆ ಹಾಕಿದ ಮೇಲೆ ಕೇಬಲ್ಲನ್ನು ಒಳಗೆ ಒಂದು ಸುತ್ತು ಸಡಿಲ ಬಿಟ್ಟು ದಾರದಿಂದ ಕಟ್ಟುತ್ತಿದ್ದ. "ಹೊರಗಿಂದ ಯಾರಾದ್ರೂ ಎಳೆದ್ರೆ ಜಗ್ಗೋದು ದಾರಕ್ಕೆ ಜಗ್ಗಲಿ, ಬೆಸುಗೆಗೆ ಬೇಡ" ಎನ್ನುತ್ತಿದ್ದ. ನಾವಿಬ್ಬರೂ ಆ ದಾರ ಕಟ್ಟುವ ಗೋಜಿಗೆ ಹೋಗುತ್ತಿರಲಿಲ್ಲ. ನಾನಂತೂ ಇವತ್ತಿಗೂ ಪ್ಲಾಸ್ಟಿಕ್ ಪಟ್ಟಿ ಹಾಕಿ ಮುಗಿಸುತ್ತೇನೆ. ಎರಡನೆಯದು ಪೆನ್ಸಿಲು. ಯಾವ ಟಿವಿ ಬಿಚ್ಚಿದರೂ ಅದರ ಹಿಂದಿನ ಮುಚ್ಚಳದ ಒಳಮೈಯಲ್ಲಿ ಮೂರು ಸಾಲು ಬರೆಯುತ್ತಿದ್ದ. ಮೊದಲು ತಾರೀಖು, ಅದರ ಕೆಳಗೆ ಏನು ದೂರು, ಅದರ ಕೆಳಗೆ ಏನು ಮಾಡಿದೆ. ಗಿರಾಕಿಗೆ ಅದು ಕಾಣುವುದೇ ಇಲ್ಲ. "ನಾಳೆ ಇದನ್ನ ಬಿಚ್ಚೋನಿಗೆ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದ. ನೀನು ಅದನ್ನು ನೋಡಿ ನಗುತ್ತಿದ್ದೆ, "ಅಪ್ಪ ಟಿವಿಗೆ ಕಾಗದ ಬರೀತಾನೆ" ಅಂತ.

ಸೋಮವಾರ ನಾನು ಆ ಮೊಳದುದ್ದದ ಕೇಬಲ್ಲನ್ನು ಕೈಗೆತ್ತಿಕೊಂಡಾಗ, ಅದು ಒಳಗೆ ಹೋಗುವ ಜಾಗದಲ್ಲಿ ಹಲ್ಲಿನ ಗುರುತುಗಳು ಕಂಡವು. ಕೇಬಲ್ಲು ಚುಚ್ಚುವ ಗುಂಡನೆಯ ಸಾಕೆಟ್ಟು ಒಂದು ಮಗ್ಗುಲಿಗೆ ಸೀಳಿತ್ತು, ನಡುವಿನ ಪಿನ್ನು ಮುರಿದಿತ್ತು. ಬಾಲ ಹಿಡಿದು ಜಗ್ಗಿದರೆ ಸಾಕೆಟ್ಟು ಹಾಗೇ ಸೀಳುವುದು. ಮುರಿದ ಸಾಕೆಟ್ಟನ್ನು ಬದಲಾಯಿಸುವ ಬದಲು ಯಾರೋ ಅದರ ತೂತಿನೊಳಗೇ ಕೇಬಲ್ಲನ್ನು ತುರುಕಿದ್ದರು. ಅಂದರೆ ಜಗ್ಗಿ ಮುರಿದವನೂ ನೀನೇ, ಹಲ್ಲಲ್ಲಿ ಕಚ್ಚಿ ತೇಪೆ ಹಾಕಿದವನೂ ನೀನೇ ಎಂದುಕೊಂಡೆ. ಇದ್ದ ಒಂದು ಟಿವಿಯನ್ನು ಕಾಯಿಲೆ ಮನುಷ್ಯನಿಗೆ ನೆಟ್ಟಗೆ ರಿಪೇರಿ ಮಾಡಿಕೊಡಲಿಲ್ಲವಲ್ಲ ಎಂದು ಒಬ್ಬಳೇ ನಿಂತು ನಿನಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಪಕ್ಕದ ಹೊಲಿಗೆ ಅಂಗಡಿಯವಳು ಇಣುಕಿ ನೋಡಿ ಹೋದಳು.

ಮುಚ್ಚಳಕ್ಕೆ ಆರು ಸ್ಕ್ರೂ ಇರಬೇಕು. ಇದ್ದದ್ದು ಎರಡು. ಅದರಲ್ಲೂ ಒಂದು ವಾರೆಯಾಗಿ ಕೂತಿತ್ತು. ಬಿಚ್ಚಿ ಮುಚ್ಚಳ ಎಳೆದರೆ ಒಳಗಿನಿಂದ ಮಾತ್ರೆ ಶೀಶೆಯ ಒಂದು ಮುಚ್ಚಳವೂ ಉಳಿದ ನಾಲ್ಕು ಸ್ಕ್ರೂಗಳೂ ಮೇಜಿನ ಮೇಲೆ ಉದುರಿದವು. ಗಲಗಲ ಎಂದದ್ದು ಅವೇ. ಸ್ಕ್ರೂ ಬಿಚ್ಚಿದರೆ ಶೀಶೆಯ ಮುಚ್ಚಳದಲ್ಲಿ ಹಾಕಿಡುವವನು ನೀನಲ್ಲ. ನೀನು ನೆಲದ ಮೇಲೆ ಚೆಲ್ಲಿ ಆಮೇಲೆ ಎಲ್ಲರಿಂದ ಹುಡುಕಿಸುವವನು. ಆಗ ನನಗೆ ಮೊದಲ ಸಲ ಅನುಮಾನ ಬಂತು.

ಟಾರ್ಚು ಹಿಡಿದು ನೋಡಿದೆ. ಕೇಬಲ್ಲು ಒಳಗೆ ಒಂದು ಸುತ್ತು ಸಡಿಲವಾಗಿತ್ತು. ಆ ಸುತ್ತಿಗೆ ದಾರ ಕಟ್ಟಿತ್ತು. ಅಂಗಡಿಯ ದಾರ ಅಲ್ಲ, ಹೊದಿಕೆಯ ಅಂಚಿನಿಂದ ಹಿರಿದ ಹಳದಿ ಉಣ್ಣೆಯೆಳೆ. ಅದರ ಗಂಟಿನ ಮೇಲೂ ಹಲ್ಲಿನ ಗುರುತು. ಕೇಬಲ್ಲನ್ನು ತಡವಿ ನೋಡಿದೆ, ಕಣ್ಣುಮುಚ್ಚಿ, ಮೊದಲಿನ ಹಾಗೆ. ಸಾಲಾಗಿ ನಾಲ್ಕು ಗುರುತು. ನಡುವೆ ಸಂದು ಇಲ್ಲ.

ಅಣ್ಣ, ಹಲ್ಲು ಹಾಕಿದ್ದಕ್ಕೆ ನಿನ್ನ ತಲೆಗೆ ಮೊಟಕುತ್ತಿದ್ದ ಆ ಮನುಷ್ಯ ಅದನ್ನು ಹಲ್ಲಿನಿಂದ ಸುಲಿದಿದ್ದ. ಲಕ್ವ ಹೊಡೆದ ಮೇಲೆ ಇನ್ನೊಂದು ಕೈ ಇರಲಿಲ್ಲವಲ್ಲ, ಅದಕ್ಕೆ.

ಬೆಸುಗೆ ಕೂತಿರಲಿಲ್ಲ. ಬೂದುಬಣ್ಣದ, ಹೊಳಪಿಲ್ಲದ ಒಂದು ಉಂಡೆ. ನೋಡಲು ಅಂಟಿದಂತೆ ಇದೆ, ಉಗುರಿನಲ್ಲಿ ಒತ್ತಿದರೆ ಅಲ್ಲಾಡುತ್ತದೆ. ಒಂದೇ ಕೈಯಲ್ಲಿ ಬಿಸಿ ಕಡ್ಡಿ ಹಿಡಿಯಬೇಕು, ಸೀಸದ ತಂತಿ ಹಿಡಿಯಬೇಕು, ಕೇಬಲ್ಲು ಅಲುಗದಂತೆ ನೋಡಬೇಕು, ಹೇಗೆ ಕೂರುತ್ತದೆ? ಅದೂ ಎಡಗೈಯಲ್ಲಿ. ನನ್ನ ಕೈಯಲ್ಲೂ ಕೂರುತ್ತಿರಲಿಲ್ಲ.

ಆಮೇಲೆ ಮುಚ್ಚಳವನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಹಳೆಯ ರಿಪೇರಿಗಳ ಸಾಲುಗಳು ಮೇಲೆ, ಅಪ್ಪನ ಮುದ್ದಾದ ಬಲಗೈ ಅಕ್ಷರದಲ್ಲಿ. ಎಲ್ಲಕ್ಕಿಂತ ಕೆಳಗೆ, ಒಂದೊಂದು ಅಕ್ಷರ ಒಂದೊಂದು ಕಡೆ ವಾಲಿಕೊಂಡು, ಇನ್ನೊಂದು ಮೂರು ಸಾಲು. ಮೊದಲ ಸಾಲು ತಾರೀಖು: ಅಪ್ಪ ತೀರಿಹೋದ ತಿಂಗಳಿನದು, ಹದಿನಾಲ್ಕು. ಎರಡನೆಯದು: ಪಿನ್ನು ಮುರಿದಿದೆ, ಬೆಸುಗೆ ಕೂರಲಿಲ್ಲ. ಮೂರನೆಯದು ಎರಡೇ ಮಾತು: ಮಗಳು ಬಂದಾಗ.

ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಕೂತೆ. ಗಿರಾಕಿಗಳು ಬಡಿದು ಬಡಿದು ಹೋದರು.

ಈಗ ನಾವಿಬ್ಬರೂ ಆ ತಿಂಗಳನ್ನು ನೆನಪು ಮಾಡಿಕೊಳ್ಳೋಣ. ನಿನಗೆ ಮರೆತಿದ್ದರೆ ನಾನು ನೆನಪಿಸುತ್ತೇನೆ. ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿ, ಮಾತು ನಿಂತು ಆಗ ನಾಲ್ಕನೇ ತಿಂಗಳು. ನಿನ್ನ ಮನೆಯಲ್ಲಿಟ್ಟುಕೊಂಡೆ. ಹಿರಿಯ ಮಗ, ದೊಡ್ಡ ಮನೆ, ಎಲ್ಲರೂ ಭೇಷ್ ಎಂದರು, ನಾನೂ ಎಂದೆ. ಮಂಚದ ಪಕ್ಕ ಚಕ್ರದ ಸ್ಟೂಲಿನ ಮೇಲೆ ಈ ಟಿವಿ, ಮಂಚದ ಕೆಳಗೆ ಅವನ ಹತ್ಯಾರಿನ ಪೆಟ್ಟಿಗೆ. ಮೊದಲ ಎರಡು ತಿಂಗಳಲ್ಲಿ ನಾನು ಎರಡು ಸಲ ಬಂದೆ, ಏಳು ಗಂಟೆ ಹೊತ್ತು ಬಸ್ಸಿನಲ್ಲಿ ಕೂತು. ಎರಡು ಸಲವೂ ನನ್ನನ್ನು ನೋಡಿ ಎಡಗೈ ಎತ್ತಿದ. ಆಮೇಲೆ ಪ್ರತಿ ಭಾನುವಾರ ಫೋನು. ನೀನು ಅಪ್ಪನ ಕೋಣೆಯಲ್ಲಿ ನಿಂತೇ ಮಾತಾಡುತ್ತಿದ್ದೆ. ನಿನ್ನ ಮಾತಿನ ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು. ಒಂಬತ್ತನೇ ತಾರೀಖಿನ ಭಾನುವಾರ ಆ ಸದ್ದು ಇರಲಿಲ್ಲ. ಟಿವಿ ಕೆಟ್ಟಿದೆಯಾ ಎಂದು ಕೇಳಿದೆ, ನಮ್ಮ ಕಸುಬಿನವರಿಗೆ ಮೊದಲು ಬರುವ ಪ್ರಶ್ನೆ ಅದೇ. ನೀನು ಏನಂದೆ? "ನೋಡೋರು ಯಾರು? ಅಪ್ಪಂಗೆ ಟಿವಿ ಯಾವುದು ಗೋಡೆ ಯಾವುದು ಅಂತ ಗೊತ್ತಾಗ್ತಿಲ್ಲ ಈಗ."

ಮುಂದಿನ ಭಾನುವಾರ ಹದಿನಾರು. ಅವತ್ತು ನನ್ನ ಅಂಗಡಿಗೆ ಬೋರ್ಡು ಹಾಕಿದ ದಿನ, ಅದಕ್ಕೇ ತಾರೀಖು ಕಲ್ಲಿನಲ್ಲಿ ಕೊರೆದ ಹಾಗೆ ನೆನಪಿದೆ. ನಾಳೆ ಹೊರಟು ಬರುತ್ತೇನೆ ಎಂದೆ. ನೀನು ದನಿ ತಗ್ಗಿಸಿ, ಬಹಳ ಅಕ್ಕರೆಯಿಂದ ಹೇಳಿದೆ: "ನನ್ನನ್ನೇ ಗುರುತು ಹಿಡೀತಿಲ್ಲ ಕಣೇ. ನೀನು ಬಂದು ಏನ್ ಮಾಡ್ತೀಯ? ನೋಡಿ ಅಳ್ತೀಯ, ಅಷ್ಟೇ. ಇದ್ದ ಹಾಗೇ ನೆನಪಲ್ಲಿಟ್ಕೋ." ಅದಕ್ಕೆ ಎರಡು ದಿನದ ಹಿಂದೆ, ಶುಕ್ರವಾರ ಹದಿನಾಲ್ಕನೇ ತಾರೀಖು, ನೀನೂ ಅತ್ತಿಗೆಯೂ ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ ಹೋಗಿದ್ದ ಹೊತ್ತಿನಲ್ಲಿ, ಯಾರನ್ನೂ ಗುರುತು ಹಿಡಿಯದ ಆ ಮನುಷ್ಯ ಸ್ಟೂಲನ್ನು ಹತ್ತಿರ ಎಳೆದುಕೊಂಡು, ಟಿವಿಯನ್ನು ತಿರುಗಿಸಿ, ಎಡಗೈಯಲ್ಲಿ ಆರು ಸ್ಕ್ರೂ ಬಿಚ್ಚಿ, ದೂರು ಏನೆಂದು ಕಂಡುಹಿಡಿದಿದ್ದ. ಆಗದ್ದನ್ನು ಆಗಲಿಲ್ಲ ಎಂದು ಬರೆದಿದ್ದ. ಅದನ್ನು ಯಾರ ಕೈಯಲ್ಲಿ ಮಾಡಿಸಬೇಕೆಂದೂ ಬರೆದಿದ್ದ. ತಾರೀಖು ಕೂಡ ತಪ್ಪಿರಲಿಲ್ಲ. ನಿನ್ನ ಪ್ರಕಾರ ಅವನಿಗೆ ಗೋಡೆಗೂ ಟಿವಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ನೀನು ಆ ಕೋಣೆಯಲ್ಲೇ ನಿಂತು ಹೇಳಿದೆಯಲ್ಲ. ಅವನ ಮಂಚದ ಪಕ್ಕದಲ್ಲಿ. ಅವನಿಗೆ ಬಾಯಿ ಹೋಗಿತ್ತು, ಕಿವಿ ಹೋಗಿರಲಿಲ್ಲ.

ಮೂರು ದಿನದಿಂದ ಅದೊಂದನ್ನೇ ಯೋಚಿಸುತ್ತಿದ್ದೇನೆ, ಊಟದ ತಟ್ಟೆಯ ಮುಂದೆ ಕೂತರೂ ಅದೇ. ನೀನು ಫೋನಿನಲ್ಲಿ "ಬರಬೇಡ" ಎನ್ನುವಾಗ ಅವನು ನಿನ್ನ ಮುಖವನ್ನೇ ನೋಡುತ್ತಿದ್ದನೋ, ಗೋಡೆಯ ಕಡೆ ತಿರುಗಿದ್ದನೋ? ನೀನೇ ಹೇಳಬೇಕು. ಬೇಡ, ಹೇಳಬೇಡ.

ಇಪ್ಪತ್ತೈದಕ್ಕೆ ಅಪ್ಪ ಹೋದ. ನಾನು ಬಂದಾಗ ಈ ಟಿವಿ ಮೂಲೆಯಲ್ಲಿತ್ತು, ನೀನು ಅದರ ಮೇಲೆ ಟವಲು ಹೊದಿಸಿ ಔಷಧದ ಶೀಶೆಗಳನ್ನು ಜೋಡಿಸಿದ್ದೆ. ಅಪ್ಪನ ಎಡಗೈ ತೋರುಬೆರಳಿನ ಒಳಬದಿಯಲ್ಲಿ ಸುಟ್ಟು ಕಪ್ಪಾದ ಒಂದು ಗೆರೆ. ಏನಿದು ಎಂದು ನಾನು ಕೇಳಿದ್ದಕ್ಕೆ ನೀನು "ಬಿಸಿನೀರು ತಾಗಿತ್ತು" ಎಂದೆ. ಬಿಸಿನೀರು ತಾಗಿದರೆ ಗೆರೆ ಬರುತ್ತದೆಯೇ? ನನ್ನ ಕೈಮೇಲೆ ಅಂಥ ಗೆರೆಗಳು ಹನ್ನೊಂದಿವೆ. ನೋಡಿದ ಕೂಡಲೇ ಗೊತ್ತಾಗಬೇಕಿತ್ತು. ಅಳುವ ಗದ್ದಲದಲ್ಲಿ ನೀನು ಕಿವಿಗೆ ಹೂವಿಟ್ಟೆ, ನಾನು ಇಡಿಸಿಕೊಂಡೆ. ಬಂದವರೆಲ್ಲ ನನ್ನ ಬೆನ್ನು ಸವರಿ "ಕೊನೆಗೆ ಯಾರ ಗುರುತೂ ಇರಲಿಲ್ಲವಂತೆ, ನೀನು ಬಂದಿದ್ರೂ ಅಷ್ಟೇ" ಎಂದರು. ಅದು ನೀನು ಹೇಳಿಕೊಟ್ಟ ಮಾತು. ಒಂಬತ್ತು ವರ್ಷ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದೆ.

ಯಾಕೆ ಹೀಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ, ಯಾಕೆಂದರೆ ನನಗೆ ಗೊತ್ತು. ಎರಡನೇ ಸಲ ಬಂದಾಗ ನಾನು ಅಪ್ಪನ ಹಾಸಿಗೆ ಬಟ್ಟೆ ಮೂಸಿ ನೋಡಿದೆ, ಉಗುರು ನೋಡಿದೆ, ಅತ್ತಿಗೆಯ ಎದುರೇ ನಿನ್ನ ಮೇಲೆ ಕೂಗಾಡಿದೆ. ಕಿಟಕಿ ತೆರೆದಿತ್ತು, ಬೀದಿಗೆಲ್ಲ ಕೇಳಿತು. ಅದು ನನ್ನ ತಪ್ಪು. ಕೂಗಾಡುವವಳು ಬಂದು ಎರಡು ದಿನ ಕೂಗಿ ಬಸ್ಸು ಹತ್ತುತ್ತಾಳೆ; ಹೇಲು ಉಚ್ಚೆ ಬಾಚುವವನು ಅಲ್ಲೇ ಇರುತ್ತಾನೆ. ಅಷ್ಟು ನನಗೆ ಅರ್ಥವಾಗುತ್ತದೆ. ನನ್ನನ್ನು ಮನೆಯ ಹೊಸ್ತಿಲು ತುಳಿಯಬೇಡ ಎಂದಿದ್ದರೆ, ನನ್ನ ಜುಟ್ಟು ಹಿಡಿದು ಹೊರಗೆ ದಬ್ಬಿದ್ದರೆ, ಸಿಟ್ಟಿನಲ್ಲಿ ಮಾಡಿದ ಎಂದು ಬಿಟ್ಟುಬಿಡುತ್ತಿದ್ದೆ. ನೀನು ನನ್ನನ್ನು ತಡೆಯಲಿಕ್ಕೆ ಅಪ್ಪನನ್ನು ಮರದ ಕೊರಡು ಮಾಡಿದೆ. ಬುದ್ಧಿ ನೆಟ್ಟಗಿದ್ದ ಮನುಷ್ಯನನ್ನು ಬುದ್ಧಿಯಿಲ್ಲದವನೆಂದು ಊರಿಗೆಲ್ಲ ಹೇಳಿದೆ. ಅದಕ್ಕೆ ನನ್ನಲ್ಲಿ ಕ್ಷಮೆ ಇಲ್ಲ. ಹುಡುಕಿ ನೋಡಿದೆ, ಇಲ್ಲ.

ನನ್ನ ಬಗ್ಗೆಯೂ ಬರೆಯುತ್ತೇನೆ, ಅರ್ಧ ಸತ್ಯ ಹೇಳಿದರೆ ನಿನಗೂ ನನಗೂ ಏನು ವ್ಯತ್ಯಾಸ? ಹದಿನಾರನೇ ತಾರೀಖು ನೀನು ಬರಬೇಡ ಎಂದಾಗ ನನಗೆ ಸಮಾಧಾನವಾಯಿತು. ಹೊಸ ಬೋರ್ಡು, ಮೊದಲ ಗಿರಾಕಿಗಳು, ಏಳು ಗಂಟೆಯ ಬಸ್ಸು. "ಅಣ್ಣ ಇದ್ದಾನಲ್ಲ" ಎಂದುಕೊಂಡು ಫೋನು ಇಟ್ಟು ಬೋರ್ಡಿಗೆ ಮೊಳೆ ಹೊಡೆಯಲು ಹೋದೆ. ನೀನು ಸುಳ್ಳು ಹೇಳಿದೆ, ನನಗೆ ಆ ಸುಳ್ಳು ಬೇಕಾಗಿತ್ತು. ಆದರೆ ನಾನು ಈಗ ಅದನ್ನು ನೋಡುತ್ತಿದ್ದೇನೆ. ನೀನು ಬಣ್ಣ ಹೊಡೆಸುತ್ತಿದ್ದೀಯ.

ಇನ್ನೊಂದು ಮಾತು ನೆನೆದರೆ ನಗು ಬರುತ್ತದೆ, ಅಳುವಿನ ಮಧ್ಯೆಯೂ. ಈ ಟಿವಿ ಒಂಬತ್ತು ವರ್ಷ ನಿನ್ನ ಮನೆಯಲ್ಲಿತ್ತು. ನೀನು ಟಿವಿ ಮೆಕ್ಯಾನಿಕ್ಕನ ಮಗ. ಬಿಚ್ಚಲು ಆರು ಸ್ಕ್ರೂ ಕೂಡ ಇರಲಿಲ್ಲ, ಎರಡೇ. ಅಪ್ಪ ಒಳಗೆ ಬರೆಯುತ್ತಾನೆಂದು ಗೊತ್ತಿದ್ದವರು ಈ ಪ್ರಪಂಚದಲ್ಲಿ ಇಬ್ಬರೇ. ಒಂದು ರಬ್ಬರು ಸಾಕಿತ್ತು ನಿನಗೆ, ಒರೆಸಿ ಕಳಿಸಬಹುದಿತ್ತು. ನೀನು ನೋಡಲೇ ಇಲ್ಲ. ನನಗೇ ಬರೆದ ಕಾಗದವನ್ನು ನೀನೇ ಗಾಡಿಯವನ ಕೈಯಲ್ಲಿ ಕೊಟ್ಟು ನನ್ನ ಮೇಜಿಗೆ ಮುಟ್ಟಿಸಿದೆ.

ರಿಪೇರಿ ನಿನ್ನೆ ಮುಗಿಸಿದೆ. ಸೀಳಿದ ಸಾಕೆಟ್ಟು ತೆಗೆದು ಹೊಸದು ಹಾಕಿದೆ. ಹೊಸ ಕೇಬಲ್ಲನ್ನು ಬ್ಲೇಡಿನಿಂದ ಸುತ್ತ ಕೊಯ್ದು ಸುಲಿದೆ, ತೊಗಟೆಯ ಕೆಳಗಿನ ತಂತಿಜಾಲರಿಯ ಒಂದೆಳೆಯೂ ನಡುವಿನ ತಂತಿಗೆ ತಾಗದಂತೆ ಹಿಂದಕ್ಕೆ ಮಡಚಿದೆ. ಬೆಸುಗೆ ಒಂದೇ ಸಲಕ್ಕೆ ಕೂತಿತು, ಬೆಳ್ಳಗೆ ಹೊಳೆಯಿತು. ಒಂದು ಸುತ್ತು ಸಡಿಲ ಬಿಟ್ಟೆ. ಅಪ್ಪನ ಹಳದಿ ಉಣ್ಣೆಯೆಳೆಯನ್ನೇ ಬಿಚ್ಚಿ, ಅದನ್ನೇ ಕಟ್ಟಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ದಾರ ಕಟ್ಟಿದ್ದು ನಾನು. ಚಾಲು ಮಾಡಿದೆ. ಮೊದಲು ಸದ್ದು ಬಂತು, ಆಮೇಲೆ ನಿಧಾನವಾಗಿ ಚಿತ್ರ. ಯಾರೋ ಹೆಂಗಸು ನಾಳೆಯ ಹವೆ ಹೇಗಿರುತ್ತದೆಂದು ಹೇಳುತ್ತಿದ್ದಳು. ಚಿಕ್ಕವನಿದ್ದಾಗ ಸ್ಪೀಕರಿನ ಅಯಸ್ಕಾಂತ ತಾಗಿಸಿ ನೀನು ಮಾಡಿದ ಹಸಿರು ಕಲೆ ಬಲಮೂಲೆಯಲ್ಲಿ ಹಾಗೇ ಇದೆ, ಅವಳ ಕೈ ಅಲ್ಲಿಗೆ ಹೋದಾಗಲೆಲ್ಲ ಹಸಿರಾಗುತ್ತಿತ್ತು. ಪೂರ್ತಿ ಕೂತು ನೋಡಿದೆ.

ಆಮೇಲೆ ಅಪ್ಪನ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ನನ್ನ ಮೂರು ಸಾಲು ಬರೆದೆ. ನಿನ್ನೆಯ ತಾರೀಖು. ದೂರು: ಮಗಳು ಬರಲಿಲ್ಲ. ಮಾಡಿದ್ದು: ಹೊಸ ಸಾಕೆಟ್ಟು, ಚಿತ್ರ ಬಂತು. ಆರೂ ಸ್ಕ್ರೂ ಹಾಕಿ ಬಿಗಿದೆ. ಟಿವಿ ನನ್ನ ಹತ್ತಿರವೇ ಇರುತ್ತದೆ, ನೀನೇ ಕೊಟ್ಟಿದ್ದೀಯ, ಚೀಟಿ ಇದೆ. ನೋಡಬೇಕೆನಿಸಿದರೆ ಏಳು ಗಂಟೆಯ ಬಸ್ಸಿದೆ. ಬರಬೇಡ ಎಂದು ನಾನು ಹೇಳುವುದಿಲ್ಲ. ಆ ಮಾತು ನನಗೆ ಇನ್ನು ಯಾರಿಗೂ ಹೇಳಲಾಗುವುದಿಲ್ಲ. ಬಂದರೆ ಚಹಾ ಕೊಡುತ್ತೇನೆ, ಮುಚ್ಚಳ ಬಿಚ್ಚಿ ತೋರಿಸುತ್ತೇನೆ. ಮಾತಾಡಿಸುತ್ತೇನೆಂದು ಮಾತ್ರ ನಂಬಿಕೊಂಡು ಬರಬೇಡ.

ಈಗ ಲಕೋಟೆಯಲ್ಲಿರುವುದನ್ನು ತೆಗೆ. ಆ ತುಂಡಿನ ಒಂದು ತುದಿಯಲ್ಲಿ ನಿನ್ನ ಕತ್ತರಿಯ ಗುರುತಿದೆ, ಇನ್ನೊಂದು ತುದಿಯಲ್ಲಿ ಬೂದುಬಣ್ಣದ ಬೆಸುಗೆ, ಅದರ ಪಕ್ಕ ಹಲ್ಲಿನ ಗುರುತು. ಇವು ನನ್ನ ಹಲ್ಲೇ ಎಂದು ನೀನು ಯಾರಿಗಾದರೂ ಹೇಳಿಕೊಳ್ಳುವ ಮೊದಲು, ಯಾರೂ ಇಲ್ಲದಾಗ ಬಾಯಿಗಿಟ್ಟು ನೋಡು. ಕೂರುವುದಿಲ್ಲ.

ನೂರು ವರ್ಷ ಬಾಳು. ನಿನ್ನ ಬಲಗೈ ಗಟ್ಟಿಯಾಗಿರಲಿ, ನಾಲಿಗೆ ಕೊನೆಯವರೆಗೂ ಆಡುತ್ತಿರಲಿ. ಒಂದು ದಿನ ಅವೆರಡೂ ಕೈಕೊಟ್ಟರೆ, ನಿನ್ನ ಮಗಳು ಯಾರಿಗೂ ಫೋನು ಮಾಡಿ ಕೇಳದೆ ನೇರವಾಗಿ ಬಸ್ಸು ಹತ್ತಿ ನಿನ್ನ ಹತ್ತಿರ ಬರಲಿ. ಇದನ್ನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ, ಆದರೂ ಮನಸಾರೆ ಹರಸುತ್ತಿದ್ದೇನೆ.

ಇತಿ,
ಅಪ್ಪನ ಮಗಳು